ಬ್ಯಾಂಕ್ ಲಾಕರ್: ಒಡವೆ ಇಡುವ ಮುನ್ನ



ಕಷ್ಟಕಾಲಕ್ಕೆಂದು ಕೂಡಿಸಿದ ನಾಲ್ಕು ಬಳೆ, ಜಾಗದ ಪತ್ರಗಳನ್ನು ಅಕ್ಕಿ ಡಬ್ಬದಲ್ಲಿಟ್ಟು ಕೆಲಸಕ್ಕೆ ಹೋಗುತ್ತೇವೆ. ಮನಸ್ಸು ಮಾತ್ರ ಮನೆಯಲ್ಲೇ! ಇದಕ್ಕೆ ಬ್ಯಾಂಕ್ ಲಾಕರ್ ಒಳ್ಳೆಯ ದಾರಿ. ಆದರೆ ಕೆಲವು ಸಂಗತಿ ತಿಳಿದಿರಲಿ.

ಲಾಕರಿಗೆ ವರ್ಷದ ಬಾಡಿಗೆ ಕಟ್ಟಬೇಕು. ನಗದು ಇಡುವಂತಿಲ್ಲ. ಒಳಗೇನಿದೆ ಎಂಬ ಲೆಕ್ಕ ಬ್ಯಾಂಕಿನಲ್ಲಿ ಇರುವುದಿಲ್ಲ. ಪಟ್ಟಿ ನಾವೇ ಬರೆದಿಟ್ಟುಕೊಳ್ಳಬೇಕು.

2022ರ ಜನವರಿ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಆದರೆ 2 ಲಕ್ಷ ಮಾತ್ರ, ಒಡವೆ ಎಷ್ಟೇ ಬೆಲೆಯದ್ದಾಗಿರಲಿ. ತನ್ನ ನಿರ್ಲಕ್ಷ್ಯವಿಲ್ಲದಿದ್ದರೆ ನೆರೆ, ಸಿಡಿಲು, ಭೂಕಂಪಕ್ಕೆ ಬ್ಯಾಂಕ್ ಹೊಣೆಯಲ್ಲ.

ನಾಮಿನಿ ಹೆಸರು ಬರೆಸಲು ಮರೆಯಬೇಡಿ. ಇಲ್ಲವಾದರೆ ನಮ್ಮ ನಂತರ ನಮ್ಮದೇ ಒಡವೆಗಾಗಿ ಮಕ್ಕಳು ಕಾಗದಪತ್ರ ಹಿಡಿದು ಅಲೆಯಬೇಕಾದೀತು.