ತಿಮಿಂಗಿಲ ಕಾಣದ ಕಡಲಯಾನ

ಕೊಡಿಯಾಲ್‌ಬೈಲಿಗೆ ನಾವು ತೋಟದವರು ಬರುವುದು ಹೆಚ್ಚಾಗಿ ಕೋರ್ಟಿನ ತಾರೀಖಿಗೆ, ಇಲ್ಲವೇ ಡಾಕ್ಟರರನ್ನು ಕಾಣಲು. ಬೈಲು ಎಂದರೆ ಗದ್ದೆ; ಆ ಗದ್ದೆ ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಅಲ್ಲಿಂದ ಕಡಲಿಗೆ ಕೆಲವೇ ಮೈಲಿ. ಆದರೂ ಕಡಲನ್ನು ನಾವು ನೆನೆಯುವುದು ವಾಯುಭಾರ ಕುಸಿತದ ಸುದ್ದಿ ಬಂದಾಗ ಮಾತ್ರ, ಅದೂ ಅಂಗಳದಲ್ಲಿ ಹರವಿದ ಅಡಿಕೆ ಒದ್ದೆಯಾದೀತೆಂಬ ಚಿಂತೆಯಿಂದ.

ನಮ್ಮ ಸದಸ್ಯರೊಬ್ಬರ ಮಗಳು ಅಮೆರಿಕದಲ್ಲಿದ್ದಾಳೆ. ಅಲಾಸ್ಕದ ಸೀವರ್ಡ್ ಎಂಬ ರೇವಿನಿಂದ ಒಂದು ದಿನದ ಹಡಗಿನಲ್ಲಿ ಹೋಗಿಬಂದು ತಂದೆಗೆ ಚಿತ್ರಗಳನ್ನು ಕಳಿಸಿದ್ದಳು. ಕಡಲಿಗೇ ಇಳಿದು ನಿಂತ ಹಿಮನದಿ, ನೀರಿನಿಂದ ಮೇಲೆದ್ದ ತಿಮಿಂಗಿಲದ ಬಾಲ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಕಡಲಸಿಂಹಗಳು. ಅವರ ಮೊಬೈಲು ಕೈಯಿಂದ ಕೈಗೆ ಹೋಯಿತು. “ನಮ್ಮ ಕಡಲಲ್ಲಿ ಇದೆಲ್ಲ ಎಲ್ಲಿಂದ ಮಾರಾಯ್ರೇ?” ಎಂದರೊಬ್ಬರು. ನೋಡಿಯೇ ಬರೋಣವೆಂದು ಫೆಬ್ರವರಿಯ ಒಂದು ಭಾನುವಾರ, ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು, ನಾವು ಹನ್ನೆರಡು ಮಂದಿ ಬೆಳಗಿನ ಜಾವ ಕೊಡಿಯಾಲ್‌ಬೈಲಿನಿಂದ ಮಲ್ಪೆಗೆ ಹೊರಟೆವು.

ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯ ದಾರಿ. ಮಳೆಗಾಲದಲ್ಲಿ ದೋಣಿಯಿಲ್ಲ. ನಡುದಾರಿಯಲ್ಲಿ ದೋಣಿಯವನು ಕೈ ತೋರಿಸಿದ. ನಾಲ್ಕೈದು ಡಾಲ್ಫಿನ್‌ಗಳು! ಬೂದು ಮೈ, ಬೆನ್ನಿನ ಮೇಲೆ ಸಣ್ಣದೊಂದು ಗೂನು. ಈ ಜಾತಿಯವು ದಡದ ಹತ್ತಿರದ ನೀರಿನಲ್ಲಿ, ಅಳಿವೆಗಳ ಬಾಯಲ್ಲಿ ಬದುಕುವಂಥವು. ಇನ್ನೊಂದು ದೋಣಿ ಅವುಗಳನ್ನು ಅಟ್ಟಿಸಿಕೊಂಡು ಹೋಯಿತು, ಅವು ಮುಳುಗಿದವು. ನಮ್ಮವನು ಎಂಜಿನು ತಗ್ಗಿಸಿ ಸುಮ್ಮನೆ ಕಾದ. ಮತ್ತೆ ಅವು ಮೇಲೆದ್ದದ್ದು ನಮ್ಮ ಪಕ್ಕದಲ್ಲೇ.

ದ್ವೀಪದಲ್ಲಿರುವುದು ಹಿಮವಲ್ಲ, ಬೆಂಕಿಯ ಕೆಲಸ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರಿ, ಕುಗ್ಗಿ, ಬಿರಿದು ಕಂಬ ಕಂಬವಾಗಿ ನಿಂತಿದೆ. ಹೆಚ್ಚಿನವಕ್ಕೆ ಐದಾರು ಮುಖ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕುಬಿಡುವುದನ್ನು ಕಂಡ ನಮಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಹಿಮದ ಮಾತು ತೆಗೆದವರು ಭೂಗೋಳದ ಮೇಷ್ಟರಾಗಿ ನಿವೃತ್ತರಾಗಿ ಈಗ ತೋಟ ನೋಡಿಕೊಳ್ಳುವ ನಮ್ಮ ಹಿರಿಯರು. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಲೋಕದ ನೀರು ಅಷ್ಟೊಂದು ಹಿಮವಾಗಿ ಕಟ್ಟಿಕೊಂಡಿದ್ದಾಗ ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತಂತೆ. ಮಲ್ಪೆಯಿಂದ ಇಲ್ಲಿಗೆ ಆಗ ನಡೆದೇ ಬರಬಹುದಿತ್ತು. ಹಿಮ ಕರಗಿತು, ಕಡಲು ಏರಿತು. ಉಳಿದ ಹಿಮವೂ ಈಗ ಕರಗುತ್ತಿದೆ; 1900ರಿಂದ ಈಚೆಗೆ ಲೋಕದ ಕಡಲಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ.

ಒಂದು ಗೇಣು ಏರಿದರೆ ಏನಾಯಿತು ಎಂದು ಕೆಲವರು ನಕ್ಕರು. ಹೊಳೆಯ ಬಾಯಿಗೆ ಹತ್ತಿರ ತೋಟವಿರುವ ಇಬ್ಬರು ಮಾತ್ರ ನಗಲಿಲ್ಲ. ಮಾರ್ಚ್ ಬಂತೆಂದರೆ ಬಾವಿಯ ನೀರನ್ನು ನಾಲಿಗೆಗೆ ಹಾಕಿ ನೋಡಿಯೇ ಪಂಪು ಹಾಕುವವರು ಅವರು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಭರತದ ಉಪ್ಪುನೀರು ಮೇಲೇರುತ್ತದೆ. ತೆಂಗು ತಕ್ಕಮಟ್ಟಿಗೆ ತಾಳೀತು, ಅಡಿಕೆ ತಾಳದು. ಅಲಾಸ್ಕದ ಚಿತ್ರವನ್ನು ಅವರು ಮತ್ತೊಮ್ಮೆ ಕೇಳಿ ನೋಡಿದರು.

ಇನ್ನು ತಿಮಿಂಗಿಲ. ನಮಗೆ ಕಾಣಲಿಲ್ಲ. ಹಾಗೆಂದು ಇಲ್ಲವೆನ್ನುವಂತಿಲ್ಲ. ಅಲಾಸ್ಕದ ಗೂನುಬೆನ್ನಿನ ತಿಮಿಂಗಿಲಗಳು ಬೇಸಿಗೆಯಲ್ಲಿ ಅಲ್ಲಿ ಮೇದು, ಚಳಿಗಾಲಕ್ಕೆ ಹವಾಯಿಯ ಬೆಚ್ಚನೆಯ ನೀರಿಗೆ ವಲಸೆ ಹೋಗುತ್ತವೆ. ಅದೇ ಜಾತಿಯ ಅರಬ್ಬಿ ಸಮುದ್ರದವು ವರ್ಷವಿಡೀ ಇಲ್ಲೇ. ಕಾರಣ ನಮ್ಮ ಮುಂಗಾರು. ಆ ಗಾಳಿ ಕಡಲಿನ ಆಳದ ಸಾರವುಳ್ಳ ತಣ್ಣೀರನ್ನು ಮೇಲಕ್ಕೆ ತರುತ್ತದೆ, ಅದರಿಂದ ಸಣ್ಣ ಮೀನು ಹುಲುಸಾಗುತ್ತದೆ. ತೋಟಕ್ಕೆ ಮಳೆ ತರುವ ಗಾಳಿಯೇ ಅವಕ್ಕೂ ಊಟ ಹಾಕುತ್ತಿದೆ. 1966ರ ಸುಮಾರಿಗೆ ಸೋವಿಯತ್ ಬೇಟೆಹಡಗುಗಳು ಈ ಸಮುದ್ರದಲ್ಲಿ ನಿಯಮ ಮೀರಿ ಇಂಥ 242 ತಿಮಿಂಗಿಲಗಳನ್ನು ಕೊಂದವು. ಆ ಲೆಕ್ಕ ಹೊರಬಂದದ್ದು 1990ರ ದಶಕದಲ್ಲಿ. ಒಮಾನ್ ಕರಾವಳಿಯಲ್ಲಿ ಈಗ ಉಳಿದಿರುವುದು ನೂರಕ್ಕೂ ಕಡಿಮೆ ಎಂದು ಅಂದಾಜು.

ಅಂಥದೊಂದು ಹೆಣ್ಣು ತಿಮಿಂಗಿಲಕ್ಕೆ 2017ರಲ್ಲಿ ಒಮಾನಿನಲ್ಲಿ ಉಪಗ್ರಹದ ಗುರುತು ಚುಚ್ಚಿ ‘ಲುಬಾನ್’ ಎಂದು ಹೆಸರಿಟ್ಟರು. ನಾವು ಧೂಪಕ್ಕೆ ಹಾಕುವ ಲೋಬಾನದ ಹೆಸರೇ ಅದು. ಆ ಡಿಸೆಂಬರಿನಲ್ಲಿ ಅದು ಅರಬ್ಬಿ ಸಮುದ್ರವನ್ನು ದಾಟಿ ಗೋವೆಯ ಹತ್ತಿರಕ್ಕೆ ಬಂತು, ಅಲ್ಲಿಂದ ದಕ್ಷಿಣಕ್ಕೆ ಕನ್ಯಾಕುಮಾರಿಯ ಕಡೆಗೆ ಸಾಗಿತು. ಆ ದಾರಿ ನಮ್ಮ ಕರಾವಳಿಯ ಮುಂದಿನದೇ. ಆ ದಿನಗಳಲ್ಲಿ ನಾವು ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆವು, ಯಾರೊಬ್ಬರಿಗೂ ತಿಳಿಯಲಿಲ್ಲ.

ಬರುವ ಡಿಸೆಂಬರಿನಲ್ಲಿ ಮತ್ತೊಮ್ಮೆ ಹೋಗುವ ಯೋಚನೆಯಿದೆ. ಬರಲಿಚ್ಛಿಸುವ ಸದಸ್ಯರು ಮುಂಚಿತವಾಗಿ ಹೆಸರು ಕೊಡಬೇಕು. ಬುತ್ತಿಯನ್ನು ಬಾಳೆಲೆಯಲ್ಲಿ ಕಟ್ಟಿ ತರುವುದು, ಪ್ಲಾಸ್ಟಿಕ್ ಬೇಡ. ದೋಣಿ ಹತ್ತುವ ಮೊದಲು ಹೊಟ್ಟೆ ತುಂಬ ಬನ್ಸ್ ತಿನ್ನದಿರುವುದೂ ಒಳ್ಳೆಯದು. ಇದು ನಮ್ಮಲ್ಲೊಬ್ಬರ ಅನುಭವದ ಮಾತು.