ಹಡಗಿನ ಮೇಲೆ ಇಳಿಯುವುದನ್ನು ಕಲಿಸಿದವರು

ರಾಜ್ಯೋತ್ಸವದ ಸಂಭ್ರಮ ಮುಗಿದು ತಿಂಗಳಾಗುವಷ್ಟರಲ್ಲಿ ಬರುವ ಡಿಸೆಂಬರ್ 4 ಭಾರತೀಯ ನೌಕಾದಿನ. 1971ರ ಆ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದ್ದು ಬಹಳ ಜನರಿಗೆ ಗೊತ್ತು. ಅದೇ ದಿನ ಹಗಲಿನಲ್ಲಿ, ಬಂಗಾಳ ಕೊಲ್ಲಿಯಲ್ಲಿದ್ದ ಐಎನ್‌ಎಸ್ ವಿಕ್ರಾಂತ್‌ನಿಂದ ಹಾರಿದ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್‌ನ ಮೇಲೆ ಎರಗಿದವು. ಆ ಪೈಲಟ್‌ಗಳಿಗೆ ಹಾರಲು ಕಲಿಸಿದವರು ಯಾರು? ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ.

ಎಗೈಲಾದ ನಮ್ಮ ಮನೆಯಲ್ಲಿ ಈಗ ಇದೇ ಮಾತು. ಹನ್ನೆರಡನೇ ತರಗತಿಯಲ್ಲಿರುವ ಮಗ ನೌಕಾಪಡೆಯ ಪೈಲಟ್ ಆಗಬೇಕೆನ್ನುತ್ತಾನೆ. ಅವನಮ್ಮ ಬೇಡವೆನ್ನುತ್ತಾಳೆ. ಇಬ್ಬರ ನಡುವೆ ಕುಳಿತ ನಾನು ಹಳೆಯ ಪುಟಗಳನ್ನು ತಿರುವತೊಡಗಿದೆ.

ನಮ್ಮ ನೌಕಾ ವಾಯುದಳ ನೆಲೆಯೂರಿದ್ದು 1953ರಲ್ಲಿ. ಆ ವರ್ಷ ಕೊಚ್ಚಿಯಲ್ಲಿ ಐಎನ್‌ಎಸ್ ಗರುಡ ಆರಂಭವಾಯಿತು. ನೀರಿನ ಮೇಲೂ ಇಳಿಯಬಲ್ಲ ಸೀಲ್ಯಾಂಡ್ ವಿಮಾನಗಳು ಅಲ್ಲಿದ್ದವು. 1959ರಲ್ಲಿ ಆ ಘಟಕವೇ 550ನೇ ಸ್ಕ್ವಾಡ್ರನ್ ಆಯಿತು. ಅದರ ತರಬೇತಿ ವಿಮಾನಗಳಲ್ಲಿ ನಮ್ಮ ಬೆಂಗಳೂರಿನ ಎಚ್‌ಟಿ-2 ಕೂಡ ಒಂದು. ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಹುಟ್ಟಿದ ಕಾರ್ಖಾನೆಯಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಈ ಪುಟ್ಟ ವಿಮಾನ ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ.

ಜೆಟ್ ಪಾಠ ಶುರುವಾದದ್ದು ಕೊಯಮತ್ತೂರಿನ ಬಳಿಯ ಸೂಲೂರಿನಲ್ಲಿ. 1961ರ ಸೆಪ್ಟೆಂಬರ್‌ನಲ್ಲಿ ಐಎನ್‌ಎಸ್ ಹಂಸ ಅಲ್ಲಿ ಆರಂಭವಾಯಿತು. ಗೋವಾ ವಿಮೋಚನೆಯ ನಂತರ, 1964ರಲ್ಲಿ, ಅದು ಡಾಬೋಲಿಂಗೆ ಬಂತು. ಕಾರವಾರದ ಪಕ್ಕದಲ್ಲೇ ಎನ್ನಿ! ವ್ಯಾಂಪೈರ್ ಜೆಟ್‌ಗಳು, ಮುಂದೆ ಬೆಂಗಳೂರಿನದೇ ಆದ ಕಿರಣ್ ವಿಮಾನಗಳು ತರಬೇತಿಯ 551ನೇ ಸ್ಕ್ವಾಡ್ರನ್‌ನಲ್ಲಿ ದುಡಿದವು.

ಹಡಗಿನ ಮೇಲೆ ಇಳಿಯುವುದು ಎಂಥ ವಿದ್ಯೆ ಗೊತ್ತೇ? ವಿಕ್ರಾಂತ್‌ನ ಉದ್ದ ಸುಮಾರು 700 ಅಡಿ. ಅದರಲ್ಲೂ ಇಳಿಯಲು ಸಿಗುವುದು ಒಂದು ಭಾಗ ಮಾತ್ರ. ಹಡಗು ಮುಂದೆ ಸಾಗುತ್ತಿರುತ್ತದೆ, ಅಲೆಗೆ ಓಲಾಡುತ್ತಿರುತ್ತದೆ. ವಿಮಾನದ ಬಾಲದ ಕೊಕ್ಕೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗವನ್ನು ಹಿಡಿಯಲೇಬೇಕು. ತಪ್ಪಿದರೆ ತಕ್ಷಣ ಮತ್ತೆ ಮೇಲೇರಬೇಕು. ಅದಕ್ಕೇ ಮೊದಲು ನೆಲದ ರನ್‌ವೇ ಮೇಲೆ ಹಡಗಿನಷ್ಟೇ ಜಾಗ ಗುರುತಿಸಿ ಮತ್ತೆ ಮತ್ತೆ ಇಳಿಸುತ್ತಾರೆ. ಕೈಗೆ ಅಭ್ಯಾಸ ಕೂತ ಮೇಲೆಯೇ ಕಡಲು.

1971ರಲ್ಲಿ ಈ ಅಭ್ಯಾಸಕ್ಕೆ ನಿಜವಾದ ಪರೀಕ್ಷೆ ಬಂತು. ವಿಕ್ರಾಂತ್‌ನ ಬಾಯ್ಲರ್‌ನಲ್ಲಿ ಬಿರುಕು ಬಿಟ್ಟು ಹಡಗಿನ ವೇಗವೇ ಕುಗ್ಗಿತ್ತು. ವೇಗ ಕಡಿಮೆಯಾದರೆ ಹಡಗಿನ ಮೇಲೆ ಬೀಸುವ ಎದುರು ಗಾಳಿ ಕಡಿಮೆ; ಗಾಳಿ ಕಡಿಮೆಯಾದರೆ ವಿಮಾನ ಏರುವುದೂ ಇಳಿಯುವುದೂ ಕಷ್ಟ. ಆದರೂ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್.ಎಂ. ನಂದಾ ಹಡಗನ್ನು ಯುದ್ಧಕ್ಕೆ ಕಳಿಸಿದರು. 300ನೇ ಸ್ಕ್ವಾಡ್ರನ್‌ನ ಸೀ ಹಾಕ್‌ಗಳು, 310ರ ಅಲಿಝೆಗಳು ಚಿತ್ತಗಾಂಗ್, ಖುಲ್ನಾ ಕಡೆಗಳಲ್ಲಿ ದಾಳಿ ನಡೆಸಿದವು. ಸೀ ಹಾಕ್‌ಗಳ ನಾಯಕ ಎಸ್.ಕೆ. ಗುಪ್ತಾ ಅವರಿಗೆ ಮಹಾವೀರ ಚಕ್ರ ಬಂತು. ಆದರೆ ಪಶ್ಚಿಮದಲ್ಲಿ ಡಿಸೆಂಬರ್ 10ರಂದು ಹೋದ ಅಲಿಝೆಯೊಂದು ತನ್ನ ಮೂವರೊಂದಿಗೆ ಮರಳಲಿಲ್ಲ.

ಇದನ್ನು ಓದಿದಾಗ ಮಗ ಕೇಳಿದ: "ಅಪ್ಪಾ, ಕಲಿಸಿದ ಮೇಷ್ಟ್ರುಗಳಿಗೆ ಪದಕ ಇಲ್ಲವಾ?" ಅವನಮ್ಮ ಕೇಳಿದ್ದು ಬೇರೆಯೇ: "ಆ ಮೂವರ ತಾಯಂದಿರು ಏನು ಮಾಡಿದರು?" ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. 1990ರ ಆಗಸ್ಟ್ ನಂತರ ಅಮ್ಮಾನ್‌ನಿಂದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ಊರಿಗೆ ತಲುಪಿಸಿದ ಕಥೆ ಕುವೈತ್ ಕನ್ನಡಿಗರ ಮನೆಮನೆಯಲ್ಲೂ ಇದೆ. ವಿಮಾನದ ಬಾಗಿಲು ಮುಚ್ಚಿದಾಗ ಬಿಟ್ಟ ನಿಟ್ಟುಸಿರಿನ ಬೆಲೆ ನಮಗೆ ಗೊತ್ತು. ಯಾರೋ ಒಬ್ಬರು ಆ ಪೈಲಟ್‌ಗೂ ಹಾರಲು ಕಲಿಸಿದ್ದರು, ಯಾರದೋ ತಾಯಿ ಅವನನ್ನು ಕಳಿಸಿಕೊಟ್ಟಿದ್ದಳು.

ಹಳೆಯ ವಿಕ್ರಾಂತ್ 1997ರಲ್ಲಿ ನಿವೃತ್ತವಾಗಿ, ಕೊನೆಗೆ ಗುಜರಿಗೆ ಹೋಯಿತು. ಅದೇ ಹೆಸರಿನ ಹೊಸ ಹಡಗು, ಕೊಚ್ಚಿಯಲ್ಲೇ ಕಟ್ಟಿದ್ದು, 2022ರ ಸೆಪ್ಟೆಂಬರ್ 2ರಂದು ಸೇವೆಗೆ ಬಂತು. ಅದರ ಮೇಲೆ ಇಳಿಯುವುದನ್ನೂ ಯಾರಾದರೂ ಕಲಿಸಲೇಬೇಕು, ಯಾರಾದರೂ ಕಲಿಯಲೇಬೇಕು.

ಮುಂದಿನ ರಜೆಗೆ ಊರಿಗೆ ಹೋದಾಗ ಮಂಗಳೂರು, ಉಡುಪಿ ಕಡೆಯವರು ಕೊಂಕಣ ರೈಲು ಹತ್ತಿ ಒಮ್ಮೆ ಗೋವಾದ ಬೋಗ್ಮಾಲೋ ಬಳಿಯ ನೌಕಾ ವಾಯುಯಾನ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಸೀ ಹಾಕ್, ಅಲಿಝೆ, ಸೀಲ್ಯಾಂಡ್, ಎಚ್‌ಟಿ-2 ಎಲ್ಲವೂ ಅಲ್ಲಿವೆ. ನಾವು ಮೂವರೂ ಹೋಗುವುದೆಂದು ತೀರ್ಮಾನಿಸಿದ್ದೇವೆ. ಮಗನ ಅರ್ಜಿಗೆ ಸಹಿ ಹಾಕುವ ಮಾತು ಅಲ್ಲಿಂದ ಬಂದ ಮೇಲೆ.