ಸೊನ್ನೆಯ ಸಮೀಪದ ಅಂಕಿ

ಕಳೆದ ಮಳೆಗಾಲದ ಒಂದು ಸಂಜೆ ಕೋಟದ ನಮ್ಮ ಹಿರಿಯ ಮಿತ್ರರೊಬ್ಬರು ಕೊಡೆಯನ್ನು ಜಗುಲಿಯ ಮೂಲೆಗೊರಗಿಸಿ, ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಐದು ಕಾಗದಗಳನ್ನು ನಮ್ಮ ಮುಂದೆ ಹರಡಿದರು. ಅವರು ನಿವೃತ್ತ ಉಪಾಧ್ಯಾಯರು. ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ಎರಡು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯಾಗಿ, ಆ ಗ್ರಂಥಿಯನ್ನು ಪೂರ್ಣವಾಗಿ ತೆಗೆಯಲಾಗಿತ್ತು. ಮೊದಲ ಮೂರು ಕಾಗದಗಳಲ್ಲಿ ಪಿ.ಎಸ್.ಎ. ಎಂಬ ವಸ್ತುವಿನ ಪ್ರಮಾಣ ‘0.1ಕ್ಕಿಂತ ಕಡಿಮೆ’ ಎಂದಿತ್ತು. ನಾಲ್ಕನೆಯದರಲ್ಲಿ 0.03, ಐದನೆಯದರಲ್ಲಿ 0.05.

“ಮೊದಲು ಏನೂ ಇರಲಿಲ್ಲ. ಆಮೇಲೆ ಮೂರು, ಈಗ ಐದು. ಲೆಕ್ಕ ನನಗೂ ಬರುತ್ತದೆ” ಎಂದರು. ಸಾಲಿಗ್ರಾಮ ಮೇಳದ ಆಟವೆಂದರೆ ನಿದ್ದೆಗೆಟ್ಟು ಕುಳಿತಿರುತ್ತಿದ್ದವರು ಆ ವರ್ಷ ಒಂದು ರಾತ್ರಿಯೂ ಹೋಗಿರಲಿಲ್ಲ. ಗದ್ದೆಯನ್ನು ಮಕ್ಕಳ ಹೆಸರಿಗೆ ಬರೆಯಿಸಲು ಹಳೆಯ ದಾಖಲೆಗಳನ್ನು ಹೊರತೆಗೆದಿದ್ದರೆಂದು ಅವರ ಮನೆಯವರಿಂದ ತಿಳಿಯಿತು.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರು. ಆದರೂ ಆ ಕಾಗದಗಳನ್ನು ನೋಡಿದೊಡನೆ ನಮ್ಮ ಪ್ರಯೋಗಶಾಲೆಯ ಒಂದು ಹಳೆಯ ಪ್ರಶ್ನೆ ನೆನಪಿಗೆ ಬಂದಿತು. ಉಪಕರಣವೊಂದು ‘ಇಷ್ಟು’ ಎಂದು ಹೇಳಿದಾಗ ನಾವು ನಂಬಬೇಕಾದುದು ಎಷ್ಟು?

ಪಿ.ಎಸ್.ಎ. ಎಂಬುದು ಪ್ರೋಸ್ಟೇಟ್ ಗ್ರಂಥಿಯ ಜೀವಕೋಶಗಳು ತಯಾರಿಸುವ ಒಂದು ಪ್ರೋಟೀನು. ವೀರ್ಯವನ್ನು ತೆಳುವಾಗಿಸುವುದು ಅದರ ಸಹಜ ಕೆಲಸ. ಅದರಲ್ಲಿ ಅಲ್ಪಾಂಶ ರಕ್ತಕ್ಕೂ ಸೋರುತ್ತದೆ. ಅದು ವಿಷವೂ ಅಲ್ಲ, ರೋಗವೂ ಅಲ್ಲ. ಆರೋಗ್ಯವಂತ ಕೋಶಗಳೂ ಕ್ಯಾನ್ಸರ್ ಕೋಶಗಳೂ ಅದನ್ನು ತಯಾರಿಸುತ್ತವೆ. ಅಮೆರಿಕದ ಬಫಲೋ ನಗರದ ವಿಜ್ಞಾನಿಗಳು 1979ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1986ರಲ್ಲಿ ಆ ದೇಶದ ಔಷಧ ನಿಯಂತ್ರಣ ಸಂಸ್ಥೆ ಈ ಪರೀಕ್ಷೆಗೆ ಮೊದಲು ಒಪ್ಪಿಗೆಯಿತ್ತುದು ರೋಗವನ್ನು ಹುಡುಕುವುದಕ್ಕಲ್ಲ. ಚಿಕಿತ್ಸೆ ಪಡೆದವರ ಮೇಲೆ ನಿಗಾ ಇಡುವುದಕ್ಕೆ.

ಗ್ರಂಥಿಯನ್ನೇ ತೆಗೆದಮೇಲೆ ಪಿ.ಎಸ್.ಎ. ಇರಬಾರದು. ಆದರೆ ಅದು ಶಸ್ತ್ರಚಿಕಿತ್ಸೆಯ ಮರುದಿನವೇ ಮಾಯವಾಗುವುದಿಲ್ಲ. ವಿಕಿರಣಶೀಲ ಧಾತುಗಳಿಗೆ ಅರ್ಧಾಯು ಇರುವಂತೆ ರಕ್ತದಲ್ಲಿ ಇದಕ್ಕೂ ಸುಮಾರು ಎರಡು ಮೂರು ದಿನಗಳ ಅರ್ಧಾಯುವಿದೆ. ನಮ್ಮ ಮಿತ್ರರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ 12 ಇತ್ತು. ಮೂರು ದಿನಕ್ಕೊಮ್ಮೆ ಅರ್ಧವಾಗುತ್ತ ಹೋದರೆ ಹದಿನೆಂಟು ದಿನಗಳಲ್ಲಿ 0.2ರ ಆಸುಪಾಸಿಗೂ, ತಿಂಗಳೊಳಗೆ 0.01ರ ಹತ್ತಿರಕ್ಕೂ ಇಳಿಯಬೇಕು. ಮೊದಲ ಪರೀಕ್ಷೆಗೆ ಆರೆಂಟು ವಾರ ಕಾಯಿಸುವುದು ಇದಕ್ಕಾಗಿಯೇ.

ಇನ್ನು ಆ 0.05 ಎಂದರೆ ಏನು? ಒಂದು ಮಿಲಿಲೀಟರಿನಲ್ಲಿ 0.05 ನ್ಯಾನೋಗ್ರಾಂ ಎಂದರ್ಥ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕನ್ನು ನೆನೆಯಿರಿ. ಅದರಲ್ಲಿ ಪುಡಿ ಉಪ್ಪಿನ ಒಂದೇ ಒಂದು ಹರಳನ್ನು ಹಾಕಿ ಕದಡಿದರೆ ಹೆಚ್ಚುಕಡಿಮೆ ಈ ಪ್ರಮಾಣವಾಗುತ್ತದೆ. ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಯಿತೆಂದು ಒಂದೇ ಗುಟುಕಿನಲ್ಲಿ ಹೇಳಬಲ್ಲ ನಮ್ಮ ಕರಾವಳಿಯ ನಾಲಿಗೆಗೂ ಇದು ತಿಳಿಯಲಾರದು. ಅದೇ ಸಮಯದಲ್ಲಿ ಇನ್ನೊಂದು ಸಂಗತಿ: 0.03 ಇರುವ ಒಂದು ಮಿಲಿಲೀಟರಿನಲ್ಲಿ ಪಿ.ಎಸ್.ಎ. ಅಣುಗಳ ಸಂಖ್ಯೆ ಸುಮಾರು 55 ಕೋಟಿ! ಇಷ್ಟು ಅಲ್ಪವಾದುದನ್ನು ಅಳೆಯಲು ಸಾಧ್ಯವಾಗುವುದು ಅಣುಗಳು ಇಷ್ಟೊಂದು ಇರುವುದರಿಂದಲೇ.

ಈ ಅಳತೆಯ ಉಪಾಯಕ್ಕೆ ದಾರಿ ತೋರಿದವರಲ್ಲಿ ಒಬ್ಬರು ಭೌತಶಾಸ್ತ್ರಜ್ಞೆ ಎಂಬುದನ್ನು ನಾವು ವಿದ್ಯಾರ್ಥಿಗಳಿಗೆ ಸ್ವಲ್ಪ ಜಂಬದಿಂದಲೇ ಹೇಳುತ್ತೇವೆ. ರೊಸಾಲಿನ್ ಯಾಲೋ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ವೈದ್ಯ ಸಾಲೊಮನ್ ಬರ್ಸನ್ನರೊಡನೆ ಅವರು 1950ರ ದಶಕದ ಕೊನೆಯಲ್ಲಿ, ಪ್ರತಿಕಾಯಗಳನ್ನೂ ವಿಕಿರಣವನ್ನೂ ಜೊತೆಗೂಡಿಸಿ ರಕ್ತದಲ್ಲಿರುವ ಇನ್ಸುಲಿನ್ನನ್ನು ಅಳೆದರು. 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಇಂದಿನ ಪಿ.ಎಸ್.ಎ. ಪರೀಕ್ಷೆಯಲ್ಲಿ ವಿಕಿರಣದ ಬದಲು ಸಾಮಾನ್ಯವಾಗಿ ಬೆಳಕನ್ನು ಬಳಸುತ್ತಾರೆ. ಒಂದು ಪ್ರತಿಕಾಯ ಪಿ.ಎಸ್.ಎ. ಅಣುವನ್ನು ಒಂದು ಕಡೆಯಿಂದ ಹಿಡಿಯುತ್ತದೆ. ಬೆಳಕು ಬೀರುವ ವಸ್ತುವನ್ನು ಹೊತ್ತ ಮತ್ತೊಂದು ಪ್ರತಿಕಾಯ ಇನ್ನೊಂದು ಕಡೆಯಿಂದ ಅಂಟಿಕೊಳ್ಳುತ್ತದೆ. ಉಳಿದುದನ್ನು ತೊಳೆದು ತೆಗೆದ ಬಳಿಕ ಹೊಮ್ಮುವ ಬೆಳಕನ್ನು ಯಂತ್ರ ಎಣಿಸುತ್ತದೆ.

ತೊಡಕಿರುವುದು ಇಲ್ಲಿಯೇ. ಪಿ.ಎಸ್.ಎ. ಇಲ್ಲವೇ ಇಲ್ಲದ ದ್ರವವನ್ನಿಟ್ಟರೂ ಆ ಯಂತ್ರ ಸ್ವಲ್ಪ ಬೆಳಕನ್ನು ಎಣಿಸುತ್ತದೆ. ನಮ್ಮ ಪ್ರಯೋಗಶಾಲೆಯ ಗೈಗರ್ ಗಣಕವನ್ನು ನೋಡಿದವರಿಗೆ ಇದು ಹೊಸತಲ್ಲ. ಯಾವ ವಿಕಿರಣ ವಸ್ತುವೂ ಹತ್ತಿರವಿಲ್ಲದಾಗಲೂ ಅದು ಟಿಕ್ ಟಿಕ್ ಎನ್ನುತ್ತಿರುತ್ತದೆ. ಆಕಾಶದಿಂದಲೂ ನೆಲದಿಂದಲೂ ಬರುವ ಕಿರಣಗಳು ಅದಕ್ಕೆ ಕಾರಣ. ಒಂದು ನಿಮಿಷದಲ್ಲಿ 18 ಬಂದರೆ ಮರುನಿಮಿಷ 25 ಬರಬಹುದು. ಅಷ್ಟರಿಂದಲೇ ಕೋಣೆಯೊಳಗೆ ಯಾರೋ ಯುರೇನಿಯಂ ತಂದಿಟ್ಟರೆಂದು ಯಾವ ವಿದ್ಯಾರ್ಥಿಯೂ ಬರೆಯುವುದಿಲ್ಲ. (ಒಬ್ಬ ಬರೆದಿದ್ದ, ಆ ಕಥೆ ಬೇರೆ.)

ಆದುದರಿಂದ ಪ್ರತಿಯೊಂದು ಯಂತ್ರಕ್ಕೂ ಒಂದು ತಳಮಟ್ಟವಿದೆ. ಅದಕ್ಕಿಂತ ಕೆಳಗಿನದನ್ನು ಅದು ಸೊನ್ನೆಯಿಂದ ಬೇರ್ಪಡಿಸಿ ಹೇಳಲಾರದು. ಮಿತ್ರರ ಮೊದಲ ಮೂರು ಪರೀಕ್ಷೆಗಳು ನಡೆದುದು ಒಂದು ಪ್ರಯೋಗಾಲಯದಲ್ಲಿ, ಕೊನೆಯ ಎರಡು ಮತ್ತೊಂದರಲ್ಲಿ. ಮೊದಲನೆಯದು ಅಕ್ಕಿಯಂಗಡಿಯ ತಕ್ಕಡಿಯಾದರೆ ಎರಡನೆಯದು ಚಿನಿವಾರನ ತಕ್ಕಡಿ. ಅಕ್ಕಿಯಂಗಡಿಯಲ್ಲಿ ಮೂಗುತಿಯನ್ನಿಟ್ಟರೆ ಮುಳ್ಳು ಅಲುಗುವುದಿಲ್ಲ. ಅಷ್ಟರಿಂದ ಮೂಗುತಿಗೆ ತೂಕವಿಲ್ಲವೆನ್ನಲಾದೀತೇ? ‘0.1ಕ್ಕಿಂತ ಕಡಿಮೆ’ ಎಂಬುದಕ್ಕೆ ‘ಏನೂ ಇಲ್ಲ’ ಎಂಬ ಅರ್ಥವಿಲ್ಲ. ಅಂದೂ ಅವರಲ್ಲಿ 0.03 ಇದ್ದಿರಬಹುದು. ಇಲ್ಲದುದು ಹುಟ್ಟಿಕೊಂಡಿತೆಂಬ ಅವರ ಮೊದಲ ಹೆಜ್ಜೆಯೇ ಹೀಗೆ ತಪ್ಪಿತ್ತು.

ಎರಡನೆಯ ಹೆಜ್ಜೆ 0.03ರಿಂದ 0.05ಕ್ಕೆ. ತಳಮಟ್ಟದ ಹತ್ತಿರ ಒಂದೇ ರಕ್ತವನ್ನು ಮತ್ತೆ ಮತ್ತೆ ಅಳೆದರೆ ಶೇಕಡಾ 20ರಷ್ಟು ಏರುಪೇರಾಗುವುದನ್ನು ಪ್ರಯೋಗಾಲಯಗಳೇ ಒಪ್ಪುತ್ತವೆ. ನಿಜವಾದ ಪ್ರಮಾಣ 0.04 ಆಗಿದ್ದು, ಒಮ್ಮೆ 0.03 ಎಂದೂ ಇನ್ನೊಮ್ಮೆ 0.05 ಎಂದೂ ಬಂದರೆ ಅಚ್ಚರಿಪಡಬೇಕಾದುದಿಲ್ಲ. ಬೇರೆ ಬೇರೆ ತಯಾರಕರ ಯಂತ್ರಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡುವುದೂ ಉಂಟು. ಕೂದಲಿಗೆಂದು ಕೆಲವರು ನುಂಗುವ ಬಯೋಟಿನ್ ಮಾತ್ರೆಯೂ ಕೆಲವು ಯಂತ್ರಗಳನ್ನು ದಾರಿ ತಪ್ಪಿಸಬಲ್ಲದು. ಇಷ್ಟಲ್ಲದೆ, ಶಸ್ತ್ರಚಿಕಿತ್ಸೆಯಲ್ಲಿ ಉಳಿದುಹೋದ ನಿರುಪದ್ರವಿ ಗ್ರಂಥಿಯ ಚೂರೊಂದು ಅಷ್ಟಿಷ್ಟು ಪಿ.ಎಸ್.ಎ.ಯನ್ನು ಒಸರುತ್ತಲೇ ಇರಬಹುದು. ಆಗ ಅಂಕಿ ಸೊನ್ನೆಯಾಗುವುದಿಲ್ಲ, ಏರುವುದೂ ಇಲ್ಲ.

ಹಾಗೆಂದು ಸಣ್ಣ ಅಂಕಿಗಳನ್ನು ಕಡೆಗಣಿಸಬಹುದೆಂದು ಯಾರೂ ತಿಳಿಯಬಾರದು. 0.04, 0.08, 0.16 ಎಂದು ಒಂದೇ ಯಂತ್ರದಲ್ಲಿ ಸಾಲಾಗಿ ಏರಿದರೆ ಅದು ಏರುಪೇರಲ್ಲ. ಎಲ್ಲಿಯೋ ಕೋಶಗಳು ಬೆಳೆಯುತ್ತಿವೆ. ಶಸ್ತ್ರಚಿಕಿತ್ಸೆಯ ಬಳಿಕ 0.2 ಅಥವಾ ಅದಕ್ಕಿಂತ ಹೆಚ್ಚು ಬಂದು, ಎರಡನೆಯ ಪರೀಕ್ಷೆಯೂ ಅದನ್ನೇ ದೃಢಪಡಿಸಿದರೆ ರೋಗ ಮರುಕಳಿಸಿತೆಂದು ವೈದ್ಯರು ಸಾಮಾನ್ಯವಾಗಿ ಎಣಿಸುತ್ತಾರೆ. ಎಷ್ಟು ತಿಂಗಳಲ್ಲಿ ಅಂಕಿ ಇಮ್ಮಡಿಯಾಯಿತೆಂಬುದನ್ನೂ ಆಗ ನೋಡುವರು. ಆ ಘಟ್ಟದಲ್ಲಿ ವಿಕಿರಣ ಚಿಕಿತ್ಸೆಗೆ ಬೆಲೆಯಿದೆ. ಅಂಕಿ ಇನ್ನೂ ಕೆಳಗಿರುವಾಗಲೇ ಕೊಟ್ಟರೆ ಫಲ ಹೆಚ್ಚು.

ಹಾಗಾದರೆ ಎಲ್ಲರಿಗೂ ಶಸ್ತ್ರಚಿಕಿತ್ಸೆಯ ಬೆನ್ನಿಗೇ ವಿಕಿರಣ ಕೊಟ್ಟುಬಿಡಬಾರದೇಕೆ? ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಮತ್ತು ಕೆನಡಾಗಳ 1396 ಮಂದಿಯಲ್ಲಿ ಇದನ್ನೇ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಾದು ನೋಡಿ ಅಂಕಿ ಏರಿದವರಿಗಷ್ಟೇ ಕೊಟ್ಟುದಕ್ಕಿಂತ ಕೂಡಲೇ ಕೊಟ್ಟುದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಮೂತ್ರದ ತೊಂದರೆಗಳು ಮಾತ್ರ ಹೆಚ್ಚಿದವು. ಆ ಪ್ರಯೋಗದಲ್ಲಿ ‘ಏರಿತು’ ಎನ್ನಲು 0.1 ಮುಟ್ಟಿರಬೇಕಿತ್ತು, ಇಲ್ಲವೇ ಸತತವಾಗಿ ಮೂರು ಬಾರಿ ಹೆಚ್ಚಿರಬೇಕಿತ್ತು. ಒಂದು ಸಲದ ಏರಿಕೆ ಲೆಕ್ಕಕ್ಕಿಲ್ಲ.

ನಿಜವಾಗಿ ಏರಿದರೂ ಮರುದಿನವೇ ಮನೆ ಮುಳುಗುವುದಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು ಶಸ್ತ್ರಚಿಕಿತ್ಸೆಯಾದ 1997 ಮಂದಿಯನ್ನು ಅನುಸರಿಸಿ 1999ರಲ್ಲಿ ಬರೆದ ವರದಿಯಲ್ಲಿ, ಪಿ.ಎಸ್.ಎ. ಏರಿದ 304 ಮಂದಿಯ ಲೆಕ್ಕವಿದೆ. ಅಷ್ಟು ಹೊತ್ತಿಗೆ ಅವರಲ್ಲಿ ರೋಗ ಬೇರೆ ಅಂಗಗಳಿಗೆ ಹರಡಿದ್ದುದು 103 ಮಂದಿಗೆ. ಅಂಕಿ ಏರಿದಲ್ಲಿಂದ ಹರಡುವವರೆಗಿನ ಮಧ್ಯಮ ಅವಧಿ ಎಂಟು ವರ್ಷಗಳು.

ಇದನ್ನೆಲ್ಲ ಕೇಳಿದ ಮಿತ್ರರು “ಹಾಗಾದರೆ ಈಗ ನಾನೇನು ಮಾಡಲಿ?” ಎಂದರು. ಅದನ್ನು ಹೇಳಬೇಕಾದವರು ವೈದ್ಯರೆಂದು ನಾವು ಹೇಳಿದೆವು. ಅವರ ವೈದ್ಯರು ಕೊಟ್ಟ ಉತ್ತರ ಚಿಕ್ಕದು: ಮೂರು ತಿಂಗಳ ಬಳಿಕ ಅದೇ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಿ, ಬೇರೆ ಕಡೆ ಹೋಗಬೇಡಿ. ಆ ಮೂರು ತಿಂಗಳು ಅವರಿಗೆ ಸುಲಭವಾಗಿರಲಿಲ್ಲ. ಬಂದ ಅಂಕಿ 0.04.

ಮರುವಾರ ಅವರು ನಮ್ಮಿಂದ ಒಂದು ಗ್ರಾಫ್ ಹಾಳೆಯನ್ನು ಕೇಳಿ ಪಡೆದರು. ಅಡ್ಡಕ್ಕೆ ತಿಂಗಳು, ನೇರಕ್ಕೆ ಪಿ.ಎಸ್.ಎ. ಗುರುತಿಸಿ ಮೂರು ಚುಕ್ಕೆಗಳನ್ನಿಟ್ಟರು. ಮೊದಲ ಮೂರು ಫಲಿತಾಂಶಗಳನ್ನು ಎಲ್ಲಿ ಇಡಬೇಕೆಂದು ಕೇಳಿದಾಗ, ಅವಕ್ಕೆ ಚುಕ್ಕೆ ಹಾಕಲಾಗದು, 0.1ರಿಂದ ಸೊನ್ನೆಯವರೆಗೆ ಒಂದೊಂದು ಉದ್ದ ಗೆರೆ ಎಳೆಯಿರಿ ಎಂದೆವು. ಅವರು ಅಳತೆಪಟ್ಟಿಯನ್ನಿಟ್ಟು ನೇರವಾಗಿ ಮೂರು ಗೆರೆಗಳನ್ನು ಎಳೆದರು. ಬಲಗಡೆ ಇನ್ನೂ ಹತ್ತು ವರ್ಷಗಳಿಗೆ ಸಾಲುವಷ್ಟು ಜಾಗವಿದೆ. ಮುಂದಿನ ಪರೀಕ್ಷೆ ದೀಪಾವಳಿಯ ಬಳಿಕ.